ನುಂಗುವುದಲ್ಲ, ಎಳೆದುಕೊಳ್ಳುವುದು: ಉಸಿರಿನ ಔಷಧಗಳ ಲೇಬಲ್ ಚರಿತ್ರೆ

ದತ್ತೂರಿಗೆ ನಮ್ಮಲ್ಲಿ ಇನ್ನೂ ಕೆಲವು ಹೆಸರುಗಳಿವೆ. ಉಮ್ಮತ್ತಿ ಎನ್ನುತ್ತಾರೆ, ಮದಗುಣಿಕೆ ಎನ್ನುತ್ತಾರೆ. ಉಮ್ಮತ್ತಿಯ ಮೂಲ 'ಉನ್ಮತ್ತ'. ಮದಗುಣಿಕೆಯಲ್ಲಿ ಮದ ಎದ್ದು ಕಾಣುತ್ತದೆ. ತಿಂದರೆ ತಲೆ ಕೆಡುತ್ತದೆ ಎಂಬುದನ್ನು ಗಿಡದ ಹೆಸರೇ ಹೇಳುತ್ತದೆ. ಓದು ಬಾರದವರಿಗೂ ದಕ್ಕುವ ಲೇಬಲ್ ಅದು.

ಈ ಗಿಡಕ್ಕೂ ಉಬ್ಬಸಕ್ಕೂ ಹಳೆಯ ನಂಟು. ಮದರಾಸಿನಲ್ಲಿ ಕಂಪನಿ ಸರ್ಕಾರದ ಹಿರಿಯ ವೈದ್ಯನಾಗಿದ್ದ ಜೇಮ್ಸ್ ಆಂಡರ್ಸನ್, ಇಲ್ಲಿನ ಜನ ಉಸಿರು ಕಟ್ಟಿದಾಗ ದತ್ತೂರಿಯ ಬೇರು ಕಾಂಡಗಳನ್ನು ಒಣಗಿಸಿ ಹೊಗೆ ಸೇದುವುದನ್ನು ಬಲ್ಲವನಾಗಿದ್ದ. ಅವನಿಂದ ಇದನ್ನು ತಿಳಿದ ಜನರಲ್ ಜೆಂಟ್ ಎಂಬ ಸೇನಾಧಿಕಾರಿ 1802ರಲ್ಲಿ ಈ ಪದ್ಧತಿಯನ್ನು ಎಡಿನ್‌ಬರೋಗೆ ಒಯ್ದ. ಭಾರತದ ಜಾತಿಯ ದತ್ತೂರಿ ಅಲ್ಲಿ ಸಿಗದ ಕಾರಣ ವೈದ್ಯರು ಅದೇ ಕುಲದ ಸ್ಟ್ರಾಮೋನಿಯಂ ಗಿಡವನ್ನು ಬಳಸಿ ನೋಡಿದರು. ಗುಣ ಕಂಡಿತು. ದತ್ತೂರಿಯಲ್ಲಿರುವ ಅಟ್ರೋಪಿನ್ ಜಾತಿಯ ರಾಸಾಯನಿಕಗಳು ಶ್ವಾಸನಾಳದ ಬಿಗಿತವನ್ನು ಸಡಿಲಿಸುತ್ತವೆ. ಇಂದು ಇನ್‌ಹೇಲರ್‌ಗಳಲ್ಲಿ ಬರುವ ಇಪ್ರಾಟ್ರೋಪಿಯಂ, ಟಿಯೋಟ್ರೋಪಿಯಂ ಔಷಧಗಳೂ ಅದೇ ಮನೆತನದವು.

ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಯುರೋಪು, ಅಮೆರಿಕಗಳ ಅಂಗಡಿಗಳಲ್ಲಿ 'ಆಸ್ತಮಾ ಸಿಗರೇಟು'ಗಳು ರಾಶಿ ಬಿದ್ದಿದ್ದವು. ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ ಜೀವನವಿಡೀ ಉಬ್ಬಸದಿಂದ ಬಳಲಿದವನು. ಅವನು ಇಂಥ ಸಿಗರೇಟು ಸೇದುತ್ತಿದ್ದ, ಪುಡಿ ಸುಟ್ಟು ಕೋಣೆ ತುಂಬ ಹೊಗೆ ಹಾಕಿಕೊಳ್ಳುತ್ತಿದ್ದ. ಗಿಡ ಪೆಟ್ಟಿಗೆಯೊಳಗೆ ಹೋದಾಗ ಅದರ ಹೆಸರು ಹೊರಗೇ ಉಳಿಯಿತು. ಮದಗುಣಿಕೆ ಎಂಬ ಹೆಸರಿನಲ್ಲಿದ್ದ ಎಚ್ಚರಿಕೆಯ ಜಾಗಕ್ಕೆ ತಯಾರಕನ ಹೆಸರು, 'ಕ್ಯೂರ್' ಎಂಬ ಆಶ್ವಾಸನೆ ಬಂದವು. ಔಷಧದ ಲೇಬಲ್ಲಿನ ಚರಿತ್ರೆ ಓದಲು ತೊಡಗಿದಾಗ ನನ್ನ ಗಮನ ಮೊದಲು ಸೆಳೆದದ್ದು ಈ ಬದಲಾವಣೆ. ಆಗಿನ ಲೇಬಲ್ ಅಂಗಡಿಯವನ ಕೂಗಾಗಿತ್ತು. ರೋಗಿಗೆ ತಿಳಿಯಬೇಕಾದದ್ದನ್ನು ಹೇಳುವುದು ಅದರ ಕೆಲಸವಾಗಿರಲಿಲ್ಲ.

ಇದಕ್ಕೆ ಇನ್ನೊಂದು ಉದಾಹರಣೆಯೂ ಭಾರತದ ಕಡೆಯಿಂದಲೇ ಹೋದದ್ದು. ಇಲ್ಲಿ ಸೇನಾ ವೈದ್ಯನಾಗಿದ್ದ ಜಾನ್ ಕಾಲಿಸ್ ಬ್ರೌನ್ ಕಾಲರಾಕ್ಕೆಂದು ಒಂದು ದ್ರಾವಣ ತಯಾರಿಸಿದ. ಹೆಸರು ಕ್ಲೋರೋಡೈನ್. ಅಫೀಮು, ಗಾಂಜಾ, ಕ್ಲೋರೋಫಾರ್ಮ್ ಅದರ ಮುಖ್ಯ ಪದಾರ್ಥಗಳು. ಮುಂದೆ ಅದು ಕೆಮ್ಮು, ಉಬ್ಬಸ, ಬ್ರಾಂಕೈಟಿಸ್‌ಗೆಲ್ಲ ಮದ್ದೆಂದು ಬ್ರಿಟನ್ನಿನ ಮನೆಮನೆಗೂ ಹೊಕ್ಕಿತು. ಒಳಗೇನಿದೆ ಎಂಬುದು ವ್ಯಾಪಾರದ ಗುಟ್ಟು. ಜರ್ಮನಿಯ ಬೇಯರ್ ಕಂಪನಿ 1898ರಲ್ಲಿ ಮಾರುಕಟ್ಟೆಗೆ ತಂದ ಹೊಸ ಕೆಮ್ಮಿನ ಔಷಧದ ಹೆಸರಂತೂ 'ಹೆರಾಯಿನ್'. ಆಗ ಅದು ಗೌರವಸ್ಥ ಔಷಧ.

ಈ ಕೂಗಿನ ನಡುವೆ ಮೊದಲ ಬಾರಿಗೆ ಬಾಯಿ ಹಾಕಿದ್ದು ಕಾನೂನು. ಬ್ರಿಟನ್ನಿನ 1868ರ ಫಾರ್ಮಸಿ ಕಾಯ್ದೆ, ಪಟ್ಟಿಯಲ್ಲಿರುವ ವಿಷಪದಾರ್ಥಗಳ ಸೀಸೆಯ ಮೇಲೆ 'ವಿಷ' ಎಂದು ಬರೆಯಬೇಕೆಂದಿತು. ಆ ಕಾಲದ ವಿಷದ ಸೀಸೆಗಳನ್ನೂ ನೋಡಬೇಕು: ಕಡುನೀಲಿ ಅಥವಾ ಹಸಿರು ಗಾಜು, ಆರು ಮೂಲೆಯ ಆಕಾರ, ಮೈತುಂಬ ಉಬ್ಬು ಗೆರೆಗಳು. ದೀಪವಿಲ್ಲದ ಕೋಣೆಯಲ್ಲಿ ಕೆಮ್ಮಿನ ಸೀಸೆಯೆಂದು ತಡಕಾಡುವ ಕೈಗೆ ಇದು ಬೇರೆ ಸೀಸೆ ಎಂದು ಬೆರಳಲ್ಲೇ ತಿಳಿಯಬೇಕು. ಓದಲಾರದವರನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೋ ಯೋಚಿಸಿದ್ದರು. ಅಮೆರಿಕದಲ್ಲಿ 1906ರ ಕಾಯ್ದೆ ಬಂತು. ಮದ್ಯಸಾರ, ಮಾರ್ಫಿನ್, ಅಫೀಮು, ಕೊಕೇನ್, ಹೆರಾಯಿನ್, ಕ್ಲೋರೋಫಾರ್ಮ್, ಗಾಂಜಾ ಮುಂತಾದವು ಔಷಧದಲ್ಲಿದ್ದರೆ ಎಷ್ಟಿವೆ ಎಂದು ಲೇಬಲ್ಲಿನಲ್ಲಿ ಹೇಳಬೇಕಾಯಿತು. ಆ ಪಟ್ಟಿಯನ್ನು ಓದಿದರೆ ಅಂದಿನ ಕೆಮ್ಮಿನ ಔಷಧಗಳ ಪಾಕಪಟ್ಟಿ ಓದಿದಂತೆಯೇ ಆಗುತ್ತದೆ.

ಆದರೆ 1906ರ ಕಾಯ್ದೆಗೆ ಒಂದು ವಿಚಿತ್ರ ಮಿತಿಯಿತ್ತು. ಲೇಬಲ್ ಸುಳ್ಳು ಹೇಳಬಾರದು, ಅಷ್ಟೆ. ಔಷಧ ಸುರಕ್ಷಿತವಾಗಿರಬೇಕೆಂದು ಅದು ಕೇಳುತ್ತಿರಲಿಲ್ಲ. 1937ರಲ್ಲಿ ಗಂಟಲ ಸೋಂಕಿಗೆಂದು ಮಾರಾಟವಾದ ಒಂದು ಸಲ್ಫಾ ದ್ರಾವಣವನ್ನು ಡೈಎಥಿಲಿನ್ ಗ್ಲೈಕಾಲ್‌ನಲ್ಲಿ ಕರಗಿಸಿದ್ದರು. ಮೂತ್ರಪಿಂಡ ಕೆಡಿಸುವ ವಿಷ ಅದು. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳು ಬಹಳ. ಆ ಸೀಸೆಗಳನ್ನು ಮುಟ್ಟುಗೋಲು ಹಾಕಲು ಅಧಿಕಾರಿಗಳಿಗೆ ಸಿಕ್ಕ ಕಾನೂನಿನ ಆಧಾರ ಒಂದೇ: ಲೇಬಲ್ಲಿನಲ್ಲಿ 'ಎಲಿಕ್ಸಿರ್' ಎಂದಿತ್ತು, ಎಲಿಕ್ಸಿರ್ ಎಂದರೆ ಮದ್ಯಸಾರ ಇರಬೇಕು, ಇದರಲ್ಲಿ ಅದು ಇರಲಿಲ್ಲ. ಜನರನ್ನು ಕೊಂದ ಔಷಧ ತಪ್ಪಿತಸ್ಥವಾದದ್ದು ಪದದ ಅರ್ಥ ತಪ್ಪಿದ್ದಕ್ಕೆ. ಮರುವರ್ಷ ಬಂದ 1938ರ ಕಾಯ್ದೆ, ಮಾರುವ ಮೊದಲೇ ಔಷಧದ ಸುರಕ್ಷತೆಯನ್ನು ತೋರಿಸಬೇಕು ಎಂದಿತು.

ಅದೇ ಡೈಎಥಿಲಿನ್ ಗ್ಲೈಕಾಲ್ 2022ರಲ್ಲಿ ಗ್ಯಾಂಬಿಯಾದ ಮಕ್ಕಳು ಕುಡಿದ, ಭಾರತದಲ್ಲಿ ತಯಾರಾದ ಸಿರಪ್ಪುಗಳಲ್ಲಿ ಪತ್ತೆಯಾಯಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರಾದ ಕಡೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಇಂಥದೇ ಕೆಮ್ಮಿನ ಸಿರಪ್ಪಿನಿಂದ ಸತ್ತರು. ಆ ಸೀಸೆಗಳ ಲೇಬಲ್ಲುಗಳನ್ನು ಎಷ್ಟು ಸ್ಪಷ್ಟವಾಗಿ ಬರೆದಿದ್ದರೂ ಆ ಮಕ್ಕಳು ಉಳಿಯುತ್ತಿರಲಿಲ್ಲ. ಲೇಬಲ್ ಕೊಡುವುದು ಮಾತು, ಆ ಮಾತನ್ನು ಉಳಿಸಿಕೊಳ್ಳಬೇಕಾದದ್ದು ಕಾರ್ಖಾನೆ ಮತ್ತು ಪ್ರಯೋಗಾಲಯ. ಲೇಬಲ್ಲಿನ ಭಾಷೆಯ ಬಗ್ಗೆ ಮುಂದೆ ಹೇಳುವುದನ್ನೆಲ್ಲ ಈ ಮಿತಿಯನ್ನು ನೆನಪಿಟ್ಟುಕೊಂಡೇ ಹೇಳುತ್ತಿದ್ದೇನೆ.

ಇನ್ನು ಇನ್‌ಹೇಲರ್. 1955ರಲ್ಲಿ ಅಮೆರಿಕದ ರೈಕರ್ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್‌ನ ಮಗಳು, ಉಬ್ಬಸವಿದ್ದ ಹುಡುಗಿ, ತಲೆಗೂದಲಿನ ಸ್ಪ್ರೇ ಬರುವಂಥ ಡಬ್ಬಿಯಲ್ಲಿ ತನ್ನ ಔಷಧವೂ ಯಾಕೆ ಬರಬಾರದು ಎಂದು ಅಪ್ಪನನ್ನು ಕೇಳಿದಳು. 1956ರಲ್ಲಿ ಒತ್ತಿದರೆ ಅಳತೆಯಷ್ಟೇ ಔಷಧ ಬಿಡುವ ಮೊದಲ ಇನ್‌ಹೇಲರುಗಳು ಮಾರುಕಟ್ಟೆಗೆ ಬಂದವು. ಜೇಬಿನಲ್ಲಿ ಹಿಡಿಯುವ ಡಬ್ಬಿ, ನಿಮಿಷದಲ್ಲಿ ಬಿಡುಗಡೆ. ಉಬ್ಬಸದ ರೋಗಿಗಳಿಗೆ ಅದು ಹೊಸ ಬದುಕು.

ಹತ್ತು ವರ್ಷದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ವೈದ್ಯರಿಗೆ ಅರ್ಥವಾಗದ ಸಂಗತಿಯೊಂದು ಕಾಣತೊಡಗಿತು. 1959ರಿಂದ 1966ರ ನಡುವೆ 10ರಿಂದ 14 ವರ್ಷದ ಮಕ್ಕಳಲ್ಲಿ ಉಬ್ಬಸದ ಸಾವು ಸುಮಾರು ಎಂಟು ಪಟ್ಟು ಏರಿತ್ತು. ಸ್ಪೈಜರ್, ಡಾಲ್ ಮತ್ತು ಹೀಫ್ 1968ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1966ರಲ್ಲಿ ಆ ವಯಸ್ಸಿನ ಒಟ್ಟು ಸಾವುಗಳಲ್ಲಿ ಶೇ. 7ರಷ್ಟಕ್ಕೆ ಉಬ್ಬಸವೇ ಕಾರಣ. ಅನುಮಾನ ಇನ್‌ಹೇಲರಿನತ್ತ ತಿರುಗಿತು. ಬ್ರಿಟನ್ನಿನಲ್ಲಿ ಅದು ಚೀಟಿಯಿಲ್ಲದೆಯೂ ಸಿಗುತ್ತಿತ್ತು. 1967ರಲ್ಲಿ ಅಲ್ಲಿನ ಔಷಧ ಸುರಕ್ಷತಾ ಸಮಿತಿ ವೈದ್ಯರಿಗೆ ಎಚ್ಚರಿಕೆ ಕಳಿಸಿತು. 1968ರ ಕೊನೆಗೆ ಚೀಟಿ ಕಡ್ಡಾಯವಾಯಿತು. ಸಾವಿನ ಸಂಖ್ಯೆ ಇಳಿಯಿತು.

ಕತೆಯ ಕೀಲು ಸಿಕ್ಕಿದ್ದು 1972ರಲ್ಲಿ. ಪಾಲ್ ಸ್ಟಾಲಿ ಎಂಬ ಅಮೆರಿಕನ್ ಸಂಶೋಧಕ ಬೇರೆ ಬೇರೆ ದೇಶಗಳನ್ನು ಹೋಲಿಸಿ ನೋಡಿದ. ಇನ್‌ಹೇಲರು ಅಮೆರಿಕದಲ್ಲೂ ಇತ್ತು, ಆದರೆ ಅಲ್ಲಿ ಸಾವು ಹೀಗೆ ಏರಿರಲಿಲ್ಲ. ಏರಿದ್ದು ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ನಾರ್ವೆಗಳಲ್ಲಿ. ಆ ದೇಶಗಳಲ್ಲೆಲ್ಲ ಐಸೊಪ್ರೆನಲಿನ್ ಔಷಧದ 'ಫೋರ್ಟೆ' ರೂಪ ಮಾರಾಟದಲ್ಲಿತ್ತು. ಫೋರ್ಟೆ ಎಂದರೆ ಗಟ್ಟಿಯಾದದ್ದು. ಅದರ ಒಂದು ಒತ್ತಿನಲ್ಲಿ ಮಾಮೂಲಿನ ಐದು ಪಟ್ಟು ಔಷಧ ಹೊರಬರುತ್ತಿತ್ತು. ಸಾವುಗಳಿಗೆ ಔಷಧದ ವಿಷಗುಣ ಎಷ್ಟು ಕಾರಣ, ಡಬ್ಬಿಯನ್ನೇ ನಂಬಿ ಆಸ್ಪತ್ರೆಗೆ ತಡವಾಗಿ ಹೋದದ್ದು ಎಷ್ಟು ಕಾರಣ ಎಂದು ತಜ್ಞರು ವಾದ ಮಾಡುತ್ತ ಬಂದಿದ್ದಾರೆ. ಸಾಹಿತ್ಯ ಓದುವ ನನಗೆ ಕಾಡುವುದು ಆ ಪದ. 'ಐದು ಪಟ್ಟು' ಎಂದು ಬರೆದಿದ್ದರೆ ಅದೊಂದು ಎಚ್ಚರಿಕೆಯಾಗುತ್ತಿತ್ತು. ಫೋರ್ಟೆ ಎಂದಾಗ ಅದು ಹೊಗಳಿಕೆಯಾಯಿತು. ಉಸಿರಿಗಾಗಿ ಒದ್ದಾಡುತ್ತಿರುವ ಹದಿಮೂರರ ಹುಡುಗನಿಗೆ ಗಟ್ಟಿ ಔಷಧ ಎಂದರೆ ಒಳ್ಳೆಯ ಔಷಧ, ಇನ್ನೊಂದು ಒತ್ತು ಒತ್ತಿದರೆ ಇನ್ನೂ ಒಳ್ಳೆಯದು.

ಇದಾದ ಮೇಲೆ 1969ರಲ್ಲಿ ಸಾಲ್ಬುಟಮಾಲ್ ಬಂತು. ಹೃದಯಕ್ಕೆ ಅಷ್ಟು ತೊಂದರೆ ಕೊಡದೆ ಶ್ವಾಸನಾಳ ಬಿಚ್ಚುವ ಔಷಧ. 1972ರಲ್ಲಿ ಒಳಗಿನ ಉರಿಯೂತವನ್ನೇ ತಗ್ಗಿಸುವ ಸ್ಟೀರಾಯ್ಡ್ ಇನ್‌ಹೇಲರ್ ಬಂತು. ಮೊದಲನೆಯದರ ಡಬ್ಬಿ ನೀಲಿ, ಎರಡನೆಯದು ಕಂದು. ಬ್ರಿಟನ್ನಿನಲ್ಲಿ ಕ್ರಮೇಣ ಈ ಬಣ್ಣಗಳೇ ಭಾಷೆಯಾದವು: ನೀಲಿ ತಕ್ಷಣದ ಪರಿಹಾರಕ್ಕೆ, ಕಂದು ದಿನಾ ತಪ್ಪದೆ ತೆಗೆದುಕೊಳ್ಳುವುದಕ್ಕೆ. ಇದು ರೂಢಿಯಿಂದ ಬಂದದ್ದು, ಕಾನೂನಿನಿಂದಲ್ಲ. ನೀಲಿ ಒತ್ತಿದ ಕೂಡಲೇ ಹಾಯೆನಿಸುತ್ತದೆ, ಕಂದು ಒತ್ತಿದಾಗ ಏನೂ ಅನಿಸುವುದಿಲ್ಲ. ಹಾಗಾಗಿ ಜನ ನೀಲಿಯನ್ನು ನಂಬಿ ಕಂದನ್ನು ಬಿಡುತ್ತಾರೆ, ಒಳಗೆ ಉರಿಯೂತ ಬೆಳೆಯುತ್ತದೆ. ಜಾಗತಿಕ ಆಸ್ತಮಾ ಮಾರ್ಗಸೂಚಿ ರೂಪಿಸುವ 'ಗೀನಾ' ಸಂಸ್ಥೆ 2019ರಲ್ಲಿ, ತಕ್ಷಣದ ಪರಿಹಾರದ ಔಷಧವೊಂದನ್ನೇ ನೆಚ್ಚಿಕೊಳ್ಳುವ ಚಿಕಿತ್ಸೆ ಬೇಡ ಎಂದು ಹೇಳಿತು. ಡಬ್ಬಿಯ ಮೇಲೆ ಔಷಧದ ಹೆಸರು, ಅಳತೆ, ಬೆಲೆ, ಅವಧಿ ಎಲ್ಲ ಇರುತ್ತದೆ. ರೋಗಿಗೆ ಮುಖ್ಯವಾಗಿ ಬೇಕಾದ 'ಇದು ಯಾವುದಕ್ಕೆ' ಎಂಬುದು ದೊಡ್ಡಕ್ಷರದಲ್ಲಿ ಇರುವುದಿಲ್ಲ.

ಭಾರತಕ್ಕೆ ಬರೋಣ. ಇಲ್ಲಿ ಕಲಬೆರಕೆ ಔಷಧಗಳ ಹಾವಳಿಯ ವಿಚಾರಣೆಗೆ 1930ರಲ್ಲಿ ರಾಮನಾಥ ಚೋಪ್ರಾ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಅದರ ಶಿಫಾರಸಿನ ಹಿನ್ನೆಲೆಯಲ್ಲಿ 1940ರ ಔಷಧ ಕಾಯ್ದೆ, 1945ರ ನಿಯಮಗಳು ಬಂದವು. ಲೇಬಲ್ಲಿನಲ್ಲಿ ಏನಿರಬೇಕೆಂಬುದನ್ನು ಇಂದಿಗೂ ಹೇಳುವುದು ಈ ನಿಯಮಗಳೇ. ಅವುಗಳಲ್ಲಿ ಒಂದು ಅನುಸೂಚಿ, ಯಾವ ಯಾವ ಕಾಯಿಲೆಗಳನ್ನು ವಾಸಿ ಮಾಡುತ್ತೇನೆಂದು ಔಷಧ ಹೇಳಿಕೊಳ್ಳಬಾರದು ಎಂದು ಪಟ್ಟಿ ಮಾಡುತ್ತದೆ. ಆ ಪಟ್ಟಿಯಲ್ಲಿ ಆಸ್ತಮಾ ಇದೆ. ಹಳೆಯ ಸಿಗರೇಟು ಪೆಟ್ಟಿಗೆಯ 'ಕ್ಯೂರ್' ಎಂಬ ಕೂಗನ್ನು ಕಾನೂನು ಹೀಗೆ ಅಡಗಿಸಿತು. ಮುಂದೆ ಎಚ್ಚರಿಕೆಗಳು ಒಂದೊಂದಾಗಿ ಸೇರಿದವು. ಕೊಡೀನ್ ಇರುವ ಕೆಮ್ಮಿನ ಸಿರಪ್ಪು ನಶೆಗೆ ಬಳಕೆಯಾಗುತ್ತಿದ್ದ ಕಾಲದಲ್ಲಿ, 2013ರಲ್ಲಿ ರೂಪಿಸಿದ ಎಚ್1 ಅನುಸೂಚಿಗೆ ಕೊಡೀನ್ ಸೇರಿತು. ಅಂಗಡಿಯವರು ಅದನ್ನು ಕೊಂಡವರ ವಿವರ ಬರೆದಿಡಬೇಕಾಯಿತು. 2023ರ ಡಿಸೆಂಬರಿನಲ್ಲಿ, ಶೀತದ ಸಿರಪ್ಪುಗಳಲ್ಲಿ ಸಾಮಾನ್ಯವಾದ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಮಿಶ್ರಣವನ್ನು ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಕೊಡಬಾರದೆಂದು ಲೇಬಲ್ಲಿನಲ್ಲಿ ಬರೆಯಲು ಔಷಧ ನಿಯಂತ್ರಕರು ಆದೇಶಿಸಿದರು.

ಎಲ್ಲವೂ ಬೇಕಾದ ಎಚ್ಚರಿಕೆಗಳೇ. ಆದರೆ ಇವು ಯಾರೊಂದಿಗೆ ಮಾತಾಡುತ್ತಿವೆ? ನೋಂದಾಯಿತ ವೈದ್ಯರ ಚೀಟಿಯ ಮೇಲೆ ಮಾತ್ರ ಚಿಲ್ಲರೆಯಾಗಿ ಮಾರತಕ್ಕದ್ದು ಎಂಬ ವಾಕ್ಯ ಅಂಗಡಿಯವನಿಗೆ. ಬ್ಯಾಚ್ ಸಂಖ್ಯೆ, ಲೈಸೆನ್ಸ್ ಸಂಖ್ಯೆ ಇನ್‌ಸ್ಪೆಕ್ಟರಿಗೆ. ಪಟ್ಟಿಯ ಎಡಬದಿಯ ಕೆಂಪು ಗೆರೆ ಮಾತ್ರ ಜನರಿಗೆ ಕಾಣಲೆಂದು ಎಳೆದದ್ದು, ಅದೇನೆಂದು ತಿಳಿದವರು ಕಡಿಮೆ. ಔಷಧ ಹೇಗೆ ತೆಗೆದುಕೊಳ್ಳಬೇಕೆಂಬ ಮಾತು ನಮ್ಮಲ್ಲಿ ಲೇಬಲ್ಲಿನ ಮೇಲಿರುವುದಿಲ್ಲ. ಅದು ಮೆಡಿಕಲ್ ಶಾಪಿನವರು ಕತ್ತರಿಸಿಕೊಟ್ಟ ಪಟ್ಟಿಯ ಮೇಲೆ ಬಾಲ್ ಪೆನ್ನಿನಲ್ಲಿ ಬರೆದ 1-0-1ರಲ್ಲಿರುತ್ತದೆ, ಇಲ್ಲವೆ ಅವರ ಬಾಯಲ್ಲಿರುತ್ತದೆ.

ನನ್ನ ಅಜ್ಜಿಗೆ ದಮ್ಮು. ಒಮ್ಮೆ ಡಾಕ್ಟರು ಅವಳಿಗೆ ಯಂತ್ರದಲ್ಲಿಟ್ಟು ಎಳೆಯುವ ಪುಡಿಯ ಕ್ಯಾಪ್ಸೂಲು ಬರೆದುಕೊಟ್ಟಿದ್ದರು. ಹದಿನೈದು ದಿನವಾದರೂ ಗುಣವಿಲ್ಲ. ನಾನು ಊರಿಗೆ ಹೋದಾಗ ಕೇಳಿದೆ, "ಅಜ್ಜಿ, ಇದನ್ನ ಹೇಗೆ ತಗೋತಾ ಇದೀಯ?" ಅಜ್ಜಿಗೆ ಪ್ರಶ್ನೆಯೇ ವಿಚಿತ್ರ ಅನಿಸಿತು. "ಹೇಗೆ ಅಂದ್ರೆ? ಬೆಳಿಗ್ಗೆ ಒಂದು, ರಾತ್ರಿ ಒಂದು, ಬಿಸಿನೀರಲ್ಲಿ. ಹಾಗೇ ತಾನೇ ತಗೊಳ್ಳಕ್ಕೆ ಹೇಳಿದ್ದು?" ಯಂತ್ರ ಡಬ್ಬಿಯೊಳಗೇ ಇತ್ತು. ನುಂಗಬಾರದು ಎಂದು ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅಜ್ಜಿ ಪ್ರತಿದಿನ ಪತ್ರಿಕೆ ಓದುವವಳು, ಕನ್ನಡದಲ್ಲಿ.

ಇದು ನಮ್ಮ ಮನೆಯೊಂದರ ಕತೆಯಲ್ಲ. 2008ರಲ್ಲಿ ಅಮೆರಿಕದ ಔಷಧ ಆಡಳಿತವೇ, ಎಳೆದುಕೊಳ್ಳಬೇಕಾದ ಕ್ಯಾಪ್ಸೂಲುಗಳನ್ನು ಜನ ನುಂಗುತ್ತಿದ್ದಾರೆ ಎಂದು ಸಾರ್ವಜನಿಕ ಸೂಚನೆ ಹೊರಡಿಸಿತ್ತು. ಅಲ್ಲಿ ಲೇಬಲ್ಲು ಜನರ ಭಾಷೆಯಲ್ಲೇ ಇತ್ತು. ಕ್ಯಾಪ್ಸೂಲೆಂದರೆ ನುಂಗುವುದು ಎಂದು ಕೈ ಬಾಯಿಗಳು ಮೊದಲೇ ಕಲಿತಿವೆ. ಆ ಕಲಿಕೆಯನ್ನು ಮೀರುವಷ್ಟು ನೇರವಾಗಿ ಲೇಬಲ್ ಮಾತಾಡಬೇಕು.

ಓದಲು ಬಂದರೆ ಸಾಲದು ಎಂದು ತೋರಿಸಿದ ಅಧ್ಯಯನವೊಂದು 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಟೆರಿ ಡೇವಿಸ್, ಮೈಕೆಲ್ ವುಲ್ಫ್ ಮತ್ತು ಸಂಗಡಿಗರು 395 ರೋಗಿಗಳಿಗೆ ಔಷಧದ ಲೇಬಲ್ಲುಗಳನ್ನು ತೋರಿಸಿದರು. ಎರಡು ಮಾತ್ರೆ, ದಿನಕ್ಕೆ ಎರಡು ಬಾರಿ ಎಂಬ ಸೂಚನೆಯನ್ನು, ಓದಿನ ಅಭ್ಯಾಸ ಕಡಿಮೆ ಇದ್ದವರಲ್ಲೂ ಶೇ. 70ರಷ್ಟು ಜನ ಸರಿಯಾಗಿ ಹೇಳಿದರು. ಹಾಗಾದರೆ ದಿನಕ್ಕೆ ಎಷ್ಟು ಮಾತ್ರೆ, ಎಣಿಸಿ ತೋರಿಸಿ ಎಂದಾಗ ನಾಲ್ಕು ಮಾತ್ರೆ ತೋರಿಸಿದವರು ಶೇ. 35ರಷ್ಟು ಮಾತ್ರ. ಈ ಬಗೆಯ ಅಧ್ಯಯನಗಳಿಂದ ಬಂದ ಸಲಹೆ ಸರಳ: ದಿನಕ್ಕೆ ಇಷ್ಟು ಬಾರಿ ಎನ್ನಬೇಡಿ. ಬೆಳಗ್ಗೆ ಎರಡು, ರಾತ್ರಿ ಎರಡು ಎಂದು ಹೊತ್ತು ಹೇಳಿ. ಸ್ಪ್ಯಾನಿಷ್ ಲೇಬಲ್ಲುಗಳ ಅನುಭವವೂ ಪಾಠ ಕಲಿಸುವಂಥದು. ಇಂಗ್ಲಿಷಿನ 'ವನ್ಸ್' ಎಂದರೆ ಒಮ್ಮೆ. ಅದೇ ಅಕ್ಷರಗಳನ್ನು ಸ್ಪ್ಯಾನಿಷಿನಲ್ಲಿ ಓದಿದರೆ ಹನ್ನೊಂದು. ಅರೆಬರೆ ಅನುವಾದವಾದ ಚೀಟಿಯಲ್ಲಿ ದಿನಕ್ಕೊಂದು ಮಾತ್ರೆ ಹನ್ನೊಂದಾಗುವ ಅಪಾಯವನ್ನು ಅಲ್ಲಿನ ವೈದ್ಯರು ದಾಖಲಿಸಿದ್ದಾರೆ.

ಕನ್ನಡದಲ್ಲಿ ಲೇಬಲ್ ಬರೆದರೆ ಏನಾಗುತ್ತದೆ? ಸುಮ್ಮನೆ ಅನುವಾದಿಸಿದರೆ ಇಂಗ್ಲಿಷಿನ ಮಸುಕು ಇಲ್ಲಿಗೂ ಬರುತ್ತದೆ. 'ಟೇಕ್' ಎಂಬುದಕ್ಕೆ ನಾವು 'ತೆಗೆದುಕೊಳ್ಳಿ', 'ಸೇವಿಸಿ' ಎನ್ನುತ್ತೇವೆ. ಅಜ್ಜಿಯನ್ನು ದಾರಿ ತಪ್ಪಿಸಿದ ಕ್ರಿಯಾಪದ ಇದೇ. ಆದರೆ ಮನೆಮಾತಿನಲ್ಲಿ ನಮಗೆ ಒಂದೊಂದಕ್ಕೂ ಬೇರೆ ಬೇರೆ ಕ್ರಿಯಾಪದವಿದೆ. ಮಾತ್ರೆ ನುಂಗುತ್ತೇವೆ, ಸಿರಪ್ಪು ಕುಡಿಯುತ್ತೇವೆ, ಲೇಹ್ಯ ನೆಕ್ಕುತ್ತೇವೆ, ಮುಲಾಮು ಹಚ್ಚುತ್ತೇವೆ, ಲವಂಗ ಬಾಯಲ್ಲಿಟ್ಟು ಚೀಪುತ್ತೇವೆ, ಹೊಗೆ ಸೇದುತ್ತೇವೆ, ಉಸಿರು ಎಳೆದುಕೊಳ್ಳುತ್ತೇವೆ. ಕ್ರಿಯಾಪದ ಸರಿಯಿದ್ದರೆ ಅರ್ಧ ಸೂಚನೆ ಮುಗಿದಂತೆ. ಹೊತ್ತಿನ ವಿಷಯವೂ ಹಾಗೆಯೇ. 'ಮೂರು ಹೊತ್ತು' ಎನ್ನುವ ನಮ್ಮ ಮಾತು ದಿನವನ್ನು ಊಟದ ಲೆಕ್ಕದಲ್ಲಿ ಮೊದಲೇ ಭಾಗ ಮಾಡಿಟ್ಟಿದೆ. ಚಮಚ ಮಾತ್ರ ಕನ್ನಡದಲ್ಲೂ ಅಪಾಯಕಾರಿ. ಉಪ್ಪಿನಕಾಯಿ ಚಮಚ, ಟೀ ಚಮಚ, ಊಟದ ಚಮಚ ಒಂದೇ ಅಲ್ಲ. ಮಗುವಿಗೆ ಕೊಡುವ ಸಿರಪ್ಪಿನ ಅಳತೆಯನ್ನು ಮಿಲಿಲೀಟರಿನಲ್ಲೇ ಹೇಳಿ, ಸೀಸೆಯ ಜೊತೆ ಬರುವ ಮುಚ್ಚಳದ ಗೆರೆಯನ್ನು ತೋರಿಸಬೇಕು.

ನಮ್ಮಲ್ಲಿ ಈ ಕೆಲಸಕ್ಕೆ ಪರಂಪರೆ ಇಲ್ಲ ಎನ್ನುವಂತಿಲ್ಲ. 'ಕೊರವಂಜಿ' ನಡೆಸಿದ ರಾಶಿ ವೈದ್ಯರು. ಅನುಪಮಾ ನಿರಂಜನ ಕಾದಂಬರಿಗಳ ಜೊತೆಗೆ 'ತಾಯಿ-ಮಗು'ವಿನಂಥ ಪುಸ್ತಕ ಬರೆದು ಮೈಯ ವಿಷಯವನ್ನು ಹೆಣ್ಣುಮಕ್ಕಳಿಗೆ ಅವರ ಮಾತಿನಲ್ಲೇ ಹೇಳಿದರು. ಪುಸ್ತಕದಲ್ಲಿ ಸಾಧ್ಯವಾದದ್ದು ಬೆಂಕಿಪೆಟ್ಟಿಗೆಯಷ್ಟು ಕಾಗದದ ಮೇಲೆ ಆಗಬೇಕಾಗಿದೆ. ಜಾಗ ಚಿಕ್ಕದಾದಷ್ಟೂ ಪದದ ಆಯ್ಕೆ ಕಷ್ಟ ಎಂಬುದು ವಚನ, ತ್ರಿಪದಿ ಓದಿದವರಿಗೆ ಹೊಸ ಸಂಗತಿಯಲ್ಲ. ಉಸಿರಿನ ಔಷಧದಲ್ಲಂತೂ 'ಎಷ್ಟು' ಎಂಬುದಕ್ಕಿಂತ 'ಹೇಗೆ' ಎಂಬುದು ದೊಡ್ಡದು. ಕ್ರಮ ತಪ್ಪಿದರೆ ಔಷಧ ಶ್ವಾಸಕೋಶ ಮುಟ್ಟದೆ ಗಂಟಲಲ್ಲೇ ಕೂರುತ್ತದೆ. ಸ್ಟೀರಾಯ್ಡ್ ಆದರೆ ಬಾಯಲ್ಲಿ ಬಿಳಿಯ ಅಗ್ಗ ಕಟ್ಟುತ್ತದೆ.

ದಿನಾ ಬಳಸುವ ಸ್ಟೀರಾಯ್ಡ್ ಸ್ಪ್ರೇ ಒಂದಕ್ಕೆ, ಡಾಕ್ಟರು ಬೆಳಗ್ಗೆ ಎರಡು ರಾತ್ರಿ ಎರಡು ಎಂದು ಬರೆದಿದ್ದರೆ, ಲೇಬಲ್ ಹೀಗಿರಬಹುದು ಎಂದು ನಾನು ಬರೆದು ನೋಡಿದ್ದೇನೆ:

ಇದು ಉಬ್ಬಸ ಬಾರದಂತೆ ತಡೆಯಲು. ಉಸಿರು ಕಟ್ಟಿದ ಕೂಡಲೇ ಬಿಡಿಸಲು ಅಲ್ಲ.
ಬೆಳಗ್ಗೆ 2 ಒತ್ತು. ರಾತ್ರಿ 2 ಒತ್ತು. ಆರಾಮಿದ್ದರೂ ಬಿಡಬೇಡಿ.
ಡಬ್ಬಿ ಅಲ್ಲಾಡಿಸಿ. ಉಸಿರು ಪೂರ್ತಿ ಹೊರಗೆ ಬಿಡಿ. ತುಟಿ ಬಿಗಿಯಾಗಿ ಮುಚ್ಚಿ.
ನಿಧಾನ ಉಸಿರು ಎಳೆಯಲು ಶುರುಮಾಡಿ, ಆಗಲೇ ಒಂದು ಸಲ ಒತ್ತಿ, ಎಳೆಯುತ್ತಲೇ ಇರಿ.
ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಎರಡನೇ ಒತ್ತಿಗೂ ಹೀಗೆಯೇ.
ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ. ನೀರು ನುಂಗಬೇಡಿ.

ಕ್ಯಾಪ್ಸೂಲಿನ ಡಬ್ಬಿಗೆ ಮೊದಲ ಸಾಲು ಬೇರೆ: ಇದು ನುಂಗುವ ಮಾತ್ರೆಯಲ್ಲ, ಯಂತ್ರದಲ್ಲಿಟ್ಟು ಬಾಯಿಂದ ಎಳೆದುಕೊಳ್ಳುವ ಪುಡಿ.

ಇದನ್ನು ವೈದ್ಯರು ತಿದ್ದಬೇಕು, ಅಂಗಡಿಯವರು ತಿದ್ದಬೇಕು. ಬಳ್ಳಾರಿಯಲ್ಲಿ, ಪುತ್ತೂರಿನಲ್ಲಿ, ಬೀದರಿನಲ್ಲಿ ದಮ್ಮಿನವರಿಗೆ ಕೊಟ್ಟು, "ಈಗ ಮಾಡಿ ತೋರಿಸಿ" ಎಂದು ಕೇಳಬೇಕು. ಅವರ ಕೈ ಎಲ್ಲಿ ತಡವರಿಸುತ್ತದೋ ಅಲ್ಲಿ ಪದ ಬದಲಿಸಬೇಕು. ಕನ್ನಡ ಎಂ.ಎ. ತರಗತಿಯೊಂದು ಒಂದು ಸೆಮಿಸ್ಟರಿನಲ್ಲಿ, ಪಕ್ಕದ ಫಾರ್ಮಸಿ ಕಾಲೇಜಿನ ಜೊತೆ ಕೂತು ಮಾಡಬಹುದಾದ ಕೆಲಸ ಇದು.